ಆಪಾಗೆ ತೋರಿಸದ ಜಾಗ

ಇದನ್ನು ಬರೆಯಲು ಕೂತು ಎಷ್ಟು ಸಲ ಎದ್ದಿದ್ದೇನೋ ನನಗೇ ಗೊತ್ತಿಲ್ಲ. ಒಮ್ಮೆ ಕನ್ನಡಕ ಸರಿಯಿಲ್ಲ ಎಂದು ಎದ್ದೆ. ಒಮ್ಮೆ ರಂಜಾನ್ ಮುಗಿಯಲಿ ಎಂದೆ. ಮತ್ತೊಮ್ಮೆ ಯಾವ ನೆಪವೂ ಇರಲಿಲ್ಲ, ಸುಮ್ಮನೆ ಪೆನ್ನು ಮುಚ್ಚಿಟ್ಟೆ. ಈಗ ಹೇಳಬೇಕಾದವಳಿಗೆ ಬಾಯಿಬಿಟ್ಟು ಹೇಳಿ ಆಗಿದೆ. ಹಾಗಾಗಿ ಕಾಗದದ ಮೇಲೆ ಹೇಳುವುದು ಅಷ್ಟು ಕಷ್ಟವಾಗುತ್ತಿಲ್ಲ.

ಶಿರಸಿಯಲ್ಲಿ ನನಗೊಂದು ಹೆಸರಿದೆ. ಬೊಂಬಾಯಿ ಗೊತ್ತಿರುವ ಮುದುಕ ಎಂದು. ನಾವು ಹಳಬರು ಮುಂಬೈಯನ್ನು ಈಗಲೂ ಬೊಂಬಾಯಿ ಎಂದೇ ಕರೆಯುತ್ತೇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಮಕ್ಕಾಕ್ಕೆ ಉಮ್ರಾ ಯಾತ್ರೆ ಹೊರಟವರು, ಗಲ್ಫಿನಲ್ಲಿರುವ ಮಗಳ ಬಾಣಂತನಕ್ಕೆ ಹೊರಟವರು, ಅಲ್ಲಿಂದ ವಿಮಾನ ಹತ್ತುವುದಿದ್ದರೆ ಮೊದಲು ನಮ್ಮ ಮನೆಗೆ ಬರುತ್ತಾರೆ. ಬಸ್ಸು ಬೆಳಿಗ್ಗೆ ಇಳಿಸುತ್ತದೆ, ವಿಮಾನ ಹೊರಡುವುದು ರಾತ್ರಿ. ನಡುವೆ ಸಿಕ್ಕ ಹೊತ್ತಿನಲ್ಲಿ ಅಷ್ಟು ದೊಡ್ಡ ಊರಿನಲ್ಲಿ ಏನು ನೋಡುವುದು, ಹೇಗೆ ನೋಡುವುದು ಎಂದು ಕೇಳುತ್ತಾರೆ. ನಾನು ಚಾ ಕುಡಿಸಿ ಹೇಳುತ್ತೇನೆ.

ಮೊದಲು ಗಂಟುಮೂಟೆ ಇಳಿಸಿ. ಪರಿಚಯದವರ ಅಂಗಡಿಯೋ, ಮುಸಾಫಿರಖಾನೆಯೋ, ಎಲ್ಲಾದರೂ ಸರಿ. ಸೂಟ್‌ಕೇಸ್ ಎಳೆದುಕೊಂಡು ಬೊಂಬಾಯಿ ನೋಡಿದವರಿಗೆ ಸೂಟ್‌ಕೇಸ್ ಒಂದೇ ನೆನಪಿರುತ್ತದೆ. ಆಫೀಸಿನ ಹೊತ್ತಿನಲ್ಲಿ ಲೋಕಲ್ ರೈಲು ಹತ್ತಬೇಡಿ. ನಿಮಗೆ ಬೇಕಾದಲ್ಲಿ ಇಳಿಯಲು ಆಗುವುದಿಲ್ಲ, ಜನ ತಳ್ಳಿದಲ್ಲಿ ಇಳಿಯುತ್ತೀರಿ. ವಿ.ಟಿ. ಸ್ಟೇಷನ್ನಿನ ಕಟ್ಟಡವನ್ನು ಅದರ ಬುಡದಲ್ಲಿ ನಿಂತು ನೋಡಿದರೆ ಕತ್ತು ನೋವು ಅಷ್ಟೇ, ರಸ್ತೆ ದಾಟಿ ಎದುರಿಗೆ ನಿಂತು ನೋಡಿ. ಗೇಟ್‌ವೇ ಹತ್ತಿರ ಫೋಟೊದವರು ಬೆನ್ನು ಹತ್ತುತ್ತಾರೆ, 'ಆಗಲೇ ತೆಗೆಸಿ ಆಯ್ತು' ಎಂದು ನಡೆಯುತ್ತಿರಿ. ಸಮುದ್ರದ ನಡುವಿನ ದರ್ಗಾಕ್ಕೆ ಹೋಗುವುದಾದರೆ ನೀರು ಯಾವಾಗ ಏರುತ್ತದೆ ಎಂದು ದಾರಿಯ ಬಾಯಲ್ಲಿ ಹೂವು ಮಾರುವವರನ್ನು ಕೇಳಿ. ಅವರಷ್ಟು ಸರಿಯಾಗಿ ಯಾರೂ ಹೇಳುವುದಿಲ್ಲ. ನೀರು ಏರುವ ಮೊದಲು ಈಚೆ ಬಂದುಬಿಡಿ. ಬಿಸಿಲು ಇಳಿಯುವ ಹೊತ್ತಿಗೆ ಏರ್‌ಪೋರ್ಟಿನ ಕಡೆ ಹೊರಡಿ, ಸಂಜೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ದೇವರೂ ಬಿಡಿಸುವುದಿಲ್ಲ.

ಈ ಮಾತುಗಳಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಇದನ್ನೆಲ್ಲ ನಾನು ಕಲಿತದ್ದು ಒಂದೇ ದಿನದಲ್ಲಿ. ನನ್ನ ಅಕ್ಕನನ್ನು ಒಂದು ಜಾಗಕ್ಕೆ ಕರೆದುಕೊಂಡು ಹೋಗುವುದನ್ನು ತಪ್ಪಿಸಲಿಕ್ಕಾಗಿ ಆ ದಿನ ಊರೆಲ್ಲ ಸುತ್ತಿಸಿದ್ದೆ.

ಅಕ್ಕನನ್ನು ನಾವು ಆಪಾ ಎನ್ನುತ್ತೇವೆ. ಮನೆಯೊಳಗೆ ನಮ್ಮದು ಉರ್ದು, ಬೀದಿಗೆ ಇಳಿದರೆ ಕನ್ನಡ. ಆಪಾಗೆ ಸಿಟ್ಟು ಬಂದಾಗ ಮಾತ್ರ ಮನೆಯೊಳಗೂ ಕನ್ನಡವೇ. ಉರ್ದುವಿನಲ್ಲಿ ಬೈದರೆ ಬೈದ ಹಾಗೆ ಅನ್ನಿಸುವುದಿಲ್ಲ ಎನ್ನುತ್ತಾಳೆ. ನಮ್ಮ ಉಳಿದ ಮಾತನ್ನೆಲ್ಲ ಇಲ್ಲಿ ನಾನೇ ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ. ಅವಳ ಗಂಡ, ನನ್ನ ಭಾವ, ಯಲ್ಲಾಪುರದವರು. ಬೇಕರಿಯಲ್ಲಿ ಕೆಲಸ. ಖಾರಿ, ಟೋಸ್ಟು, ಏಲಕ್ಕಿ ಹಾಕಿದ ಬೆಣ್ಣೆ ಬಿಸ್ಕೀಟು. ಅವರು ಮನೆಗೆ ಬಂದರೆ ಅವರಿಗಿಂತ ಮೊದಲು ಆ ವಾಸನೆ ಒಳಗೆ ಬರುತ್ತಿತ್ತು. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡವರು, ಸ್ವಂತ ಮನೆಯಿಲ್ಲ. ಮದುವೆಯಾದ ಮೇಲೆ ನಮ್ಮ ಮನೆಯಲ್ಲೇ ಉಳಿದರು.

ನಾನು ಆಗ ಹೈಸ್ಕೂಲು ಮುಗಿಸಿದ್ದೆ. ನಮ್ಮ ಮನೆತನದಲ್ಲಿ ಅಷ್ಟು ಓದಿದವನು ನಾನೊಬ್ಬನೇ, ಅದರ ಸೊಕ್ಕು ತಲೆಗೆ ಏರಿತ್ತು. ಒಂದು ಬಕ್ರೀದಿನ ಮಧ್ಯಾಹ್ನ ಊಟವಾಗಿ ನೆಂಟರೆಲ್ಲ ಹೊರಗೆ ಕೂತಿದ್ದರು. ಭಾವ ನಮ್ಮ ತಂದೆಯ ಆರಾಮ ಕುರ್ಚಿಯಲ್ಲಿ ಕೂತು ಯಾರದೋ ಮಗುವನ್ನು ಆಡಿಸುತ್ತಿದ್ದರು. ನಾನು ಹೋಗಿ ಎದುರಿಗೆ ನಿಂತು, "ಅದು ಅಬ್ಬಾ ಕೂರೋ ಜಾಗ. ಕಾಲು ಚಾಚಿ ಕೂರ್ಬೇಕು ಅಂತಿದ್ರೆ ನಿಮ್ಮ ಮನೇಲಿ ಕೂರ್ರಿ," ಎಂದೆ. ಯಾರೋ ನಕ್ಕರು. ಭಾವ ಎದ್ದರು. ಕುರ್ಚಿಯ ಬಟ್ಟೆಯನ್ನು ಕೈಯಿಂದ ಸರಿಮಾಡಿ, "ಹೌದು ಬಾಬು," ಎಂದು ಒಳಗೆ ಹೋದರು. ಆ ಮಳೆಗಾಲ ಮುಗಿಯುವ ಮೊದಲೇ ಬೊಂಬಾಯಿಯ ಒಂದು ಬೇಕರಿಗೆ ಕೆಲಸಕ್ಕೆ ಹೋಗಿಬಿಟ್ಟರು. ಒಂದು ಖೋಲಿ ಸಿಕ್ಕಿದ ಕೂಡಲೇ ಆಪಾಳನ್ನು ಕರೆಸಿಕೊಳ್ಳುವುದೆಂದು ಹೇಳಿ ಹೋಗಿದ್ದರು. ಖೋಲಿ ಸಿಗುವ ಮೊದಲು ಕಾಮಾಲೆ ಬಂತು. ಸುದ್ದಿ ಶಿರಸಿಗೆ ತಲುಪುವಾಗ ಅಲ್ಲಿನ ದೊಡ್ಡ ಖಬರಸ್ತಾನದಲ್ಲಿ ಅವರ ದಫನ್ ಆಗಿಹೋಗಿತ್ತು. ಆಪಾ ಮತ್ತೆ ಮದುವೆಯಾಗಲಿಲ್ಲ.

ಅದಾದ ಮೇಲೆ ನಾನು ಲಾರಿ ಹತ್ತಿದೆ. ಗುಡ್ನಾಪುರ, ಬನವಾಸಿ ಕಡೆಯ ಅನಾನಸ್ ಹಣ್ಣನ್ನು ಬೊಂಬಾಯಿ ಮಾರ್ಕೆಟ್ಟಿಗೆ ಸಾಗಿಸುವ ಕೆಲಸ. ಮೊದಲ ಟ್ರಿಪ್ಪಿಗೆ ಹೊರಟಾಗ ಆಪಾ ಬಾಗಿಲವರೆಗೆ ಬಂದು ಅಗರಬತ್ತಿಯ ಕಟ್ಟು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಹೂವಿನ ಮಾಲೆ ಕೊಟ್ಟಳು. ಭಾವನ ಗೋರಿಗೆ ಹಾಕಿ, ಫಾತಿಹಾ ಪ್ರಾರ್ಥನೆ ಓದಿ ಬರಬೇಕೆಂದಳು.

ನಾನು ಹೋಗಲಿಲ್ಲ. ಲಾರಿ ಡ್ರೈವರಿಗೆ ಬೊಂಬಾಯಿ ಎಂದರೆ ಊರ ಹೊರಗಿನ ಹಣ್ಣಿನ ಮಾರ್ಕೆಟ್ಟು, ಹಗಲು ನಿದ್ದೆ ಮಾಡಲು ಲಾರಿಯ ಅಡಿಯ ನೆರಳು, ಮತ್ತೆ ಹೈವೇ. ಪಟ್ಟಣದ ಒಳಗೆ ಲಾರಿ ಬಿಡುವುದಿಲ್ಲ. ಇದು ನಾನು ನನಗೇ ಹೇಳಿಕೊಂಡ ಕಾರಣ. ಬಸ್ಸು, ರೈಲು ಇದ್ದವು, ಹೋಗಬಹುದಿತ್ತು. ಆ ಮನುಷ್ಯನ ಎದುರು ಹೋಗಿ ನಿಲ್ಲಲು ನನಗೆ ಧೈರ್ಯವಾಗಲಿಲ್ಲ, ಅವರು ಮಣ್ಣಿನೊಳಗೆ ಇದ್ದರೂ.

ಊರಿಗೆ ಬಂದಾಗ ಆಪಾ ಕೇಳಿದಳು, "ಹೋಗಿದ್ಯನಾ?"

"ಹೂಂ, ಹೋಗಿದ್ದೆ."

"ಹ್ಯಾಂಗಿದೆ ಜಾಗ? ನೆರಳು ಇದ್ಯಾ?"

"ಇದೆ ಆಪಾ. ಒಂದು ಬೇವಿನ ಮರ ಇದೆ, ಅದರ ಬುಡದಲ್ಲೇ."

ಅವಳ ಮುಖ ನೋಡಬೇಕಿತ್ತು. ಮನೆಯ ಸಾಲ ತೀರಿದವರ ಮುಖ ಹಾಗಿರುತ್ತದೆ. ಆ ಮುಖ ನೋಡಿದ ಮೇಲೆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ. ಮುಂದಿನ ಟ್ರಿಪ್ಪಿಗೆ ಮರದ ಪಕ್ಕದಲ್ಲಿ ನೀರಿನ ಹೌದಿ ಬಂತು. ಮತ್ತೊಂದು ಸಲ, ಮಳೆಯಲ್ಲಿ ಮಣ್ಣು ಕುಸಿದಿತ್ತು, ನಾನೇ ಸರಿಮಾಡಿ ಬಂದೆ ಎಂದೆ. ಪ್ರತಿ ಸಲವೂ ಅವಳು ಕೊಟ್ಟ ಹೂವು ಘಟ್ಟ ಇಳಿಯುವುದರೊಳಗೆ ಲಾರಿಯ ಗಾಜಿನ ಮೇಲೆ ತೂಗುತ್ತಿತ್ತು. ವರ್ಷಗಟ್ಟಲೆ ಹೀಗೇ ನಡೆಯಿತು. ಬೊಂಬಾಯಿಗೆ ಅಷ್ಟು ಸಲ ಹೋಗಿಬಂದ ನಾನು ಅಲ್ಲಿನ ಸಮುದ್ರವನ್ನೇ ನೋಡಿರಲಿಲ್ಲ.

ಲಾರಿ ಬಿಟ್ಟು, ನನ್ನ ಹೆಂಡತಿ ತೀರಿಕೊಂಡು, ಮಗನ ಮದುವೆಯಾಗಿ ಸೊಸೆ ಮನೆಗೆ ಬಂದ ಮೇಲೆ ಆಪಾ ಉಮ್ರಾಕ್ಕೆ ಹೋಗೋಣ ಎಂದಳು. ಹೆಂಗಸು ಆ ಯಾತ್ರೆಗೆ ಹೋಗುವಾಗ ತಂದೆಯೋ ಮಗನೋ ತಮ್ಮನೋ ಜೊತೆಗಿರುವುದು ನಮ್ಮಲ್ಲಿ ರೂಢಿ, ಅವಳಿಗೆ ಇದ್ದವನು ನಾನೊಬ್ಬನೇ. ಹುಬ್ಬಳ್ಳಿಯ ಟ್ರಾವೆಲ್ಸಿನವರು ಗುಂಪು ಮಾಡಿದ್ದರು. ಎಲ್ಲರೂ ಸಂಜೆ ಬೊಂಬಾಯಿ ಏರ್‌ಪೋರ್ಟಿನಲ್ಲಿ ಸೇರುವುದೆಂದು ತೀರ್ಮಾನವಾಯಿತು. ಅದನ್ನು ಕೇಳಿದ ಕೂಡಲೇ ಆಪಾ, "ಹಂಗಾರೆ ಬೆಳಿಗ್ಗೆಯಿಂದ ಸಂಜೆತನಕ ನಮ್ಮದೇ. ನಂಗೆ ಬೇರೆ ಎಂತ ನೋಡೋದು ಬೇಡ ಬಾಬು. ಖಬರಸ್ತಾನದ ಗೇಟಿನವರೆಗೆ ಕರ್ಕಂಡು ಹೋಗು. ಹೆಂಗಸರನ್ನ ಒಳಗೆ ಬಿಡೂದಿಲ್ಲ, ಹೊರಗೆ ನಿಂತು ಆ ಬೇವಿನ ಮರ ನೋಡ್ತೆ, ಸಾಕು," ಎಂದಳು.

"ಹೂಂ, ಹೋಗುವ," ಎಂದೆ.

ಯಾತ್ರೆಗೆ ಹೊರಡುವ ಮೊದಲು ಪರಿಚಯದವರ ಮನೆಮನೆಗೂ ಹೋಗಿ ಮಾಫಿ ಕೇಳಬೇಕು. 'ಹೇಳಿದ್ದು ಕೇಳಿದ್ದು ಏನಾದರೂ ಇದ್ದರೆ ಮಾಫ್ ಮಾಡಿ' ಎನ್ನಬೇಕು. ಮನುಷ್ಯರ ಮನಸ್ಸಿನಲ್ಲಿ ನೋವು ಉಳಿಸಿ ಅಲ್ಲಿಗೆ ಹೋಗಬಾರದು ಎಂದು. ನಾನೂ ಆಪಾನೂ ಜೊತೆಯಲ್ಲೇ ಹೊರಟೆವು. ಶಿರಸಿಯ ನಮ್ಮ ಗಲ್ಲಿ ಮುಗಿಸಿ, ಲಾರಿಯ ಕಾಲದ ಪರಿಚಯದವರನ್ನೂ ಹುಡುಕಿಕೊಂಡು ಹೋದೆವು. ಗುಡ್ನಾಪುರದಲ್ಲಿ ಅನಾನಸ್ ಬೆಳೆಯುವ ಗೌಡರು ಕೆರೆಯ ಏರಿಯ ಮೇಲೇ ಸಿಕ್ಕರು. ನಾನು ಕೈಮುಗಿದು ಮಾಫಿ ಕೇಳಿದೆ.

"ನಿಮ್ಮ ಲಾರ್ಯಾಗ ನನ್ನ ಹಣ್ಣು ಕೊಳತಿದ್ದು ಎರಡ ಸಲ," ಎಂದರು ಗೌಡರು. "ಎರಡೂ ಮಾಫ್ ಮಾಡೇನಿ. ಮೂರನೇದ್ದು ನನಗ ಗೊತ್ತಿಲ್ಲದ್ದು ಇದ್ರ ಈಗ ಹೇಳಿಬಿಡ್ರಿ, ಒಮ್ಮೆಲೆ ಮುಗಿಸೂಣು."

"ಇಲ್ಲರೀ ಗೌಡ್ರ, ಎರಡೇ."

"ಹಂಗಾರ ಹೋಗಿ ಬರ್ರಿ. ನನಗೂ ಒಂದು ದುವಾ ಮಾಡ್ರಿ, ಮಂಡಿ ನೋವು ಭಾಳ ಐತಿ."

ಸೋಂದಾದಲ್ಲಿ ಒಬ್ಬ ಹೆಗಡೆಯವರಿದ್ದರು. ಒಂದು ಕಾಲದಲ್ಲಿ ಅವರ ಬೇಲಿಗೆ ಲಾರಿ ಗುದ್ದಿಸಿ ಸುಮ್ಮನೆ ಹೋಗಿದ್ದೆ. ಅದನ್ನು ಹೇಳಿದಾಗ ಬಾಯಿ ತುಂಬ ಎಲೆಯಡಿಕೆಯ ಕವಳ ಇಟ್ಟುಕೊಂಡೇ ನಕ್ಕರು. "ಅದು ನೀನನ? ಆನು ಇಷ್ಟು ದಿನ ಪಕ್ಕದ ಮನೆಯವನ್ನ ಬೈತಾ ಇದ್ದಿದ್ದಿ. ಈಗ ಯಂಗೆ ಅವನ ಹತ್ರ ಮಾಫಿ ಕೇಳದಾತಲ ಮಾರಾಯಾ!"

ಹೀಗೆ ಎಲ್ಲರೂ ನಕ್ಕು ಕಳಿಸಿದರು. ಮುರಿದ ಬೇಲಿಗೆ, ಕೊಳೆತ ಹಣ್ಣಿಗೆ, ಹಿಂದಿರುಗಿಸದ ಏಣಿಗೆ ಮಾಫಿ ಕೇಳಿದೆ. ಆಪಾ ನನ್ನ ಪಕ್ಕದಲ್ಲೇ ಇದ್ದಳು. ಜೊತೆಗೆ ಯಾತ್ರೆ ಹೊರಟವರು ಒಬ್ಬರನ್ನೊಬ್ಬರು ಮಾಫಿ ಕೇಳುವುದು ಯಾರಿಗೂ ನೆನಪಾಗುವುದಿಲ್ಲ. ಬೀಳ್ಕೊಡುವವರ ಹತ್ತಿರ ಕೇಳುತ್ತೇವೆ, ಜೊತೆಗೆ ಬರುವವರನ್ನು ಯಾಕೆ ಕೇಳಬೇಕು? ಆ ಸಂದಿಯಲ್ಲಿ ನಾನು ತಪ್ಪಿಸಿಕೊಂಡೆ. ನನಗಂತೂ ನೆನಪಿತ್ತು.

ಬೊಂಬಾಯಿಯಲ್ಲಿ ಇಳಿದಾಗ ಬೆಳಗಿನ ಬಿಸಿಲು. ಗಂಟುಮೂಟೆಯನ್ನು ಪರಿಚಯದ ಹಣ್ಣಿನ ವ್ಯಾಪಾರಿಯ ಅಂಗಡಿಯಲ್ಲಿ ಇಟ್ಟೆವು. ಹಿಂದಿನ ದಿನ ಬಸ್ಸಿನಲ್ಲೇ ಪಕ್ಕದ ಸೀಟಿನ ಬೊಂಬಾಯಿಯವನೊಬ್ಬನಿಂದ ನೋಡುವ ಜಾಗಗಳನ್ನೆಲ್ಲ ಕೇಳಿ ತಿಳಿದುಕೊಂಡಿದ್ದೆ. ಖಬರಸ್ತಾನ ಎಲ್ಲಿದೆ ಎಂದು ಮಾತ್ರ ಕೇಳಿರಲಿಲ್ಲ. "ಈಗಲೇ ಗೇಟು ತೆಗೆಯಲ್ಲ ಆಪಾ, ಅಲ್ಲೀತನಕ ಇದನ್ನ ನೋಡಿಬಿಡೋಣ," ಎಂದು ಶುರು ಮಾಡಿದೆ. ವಿ.ಟಿ. ಸ್ಟೇಷನ್ನು ನೋಡಿದೆವು. ಅಲ್ಲಿಂದ ಟ್ಯಾಕ್ಸಿಯಲ್ಲಿ ಗೇಟ್‌ವೇ. ಆಪಾ ಪಾರಿವಾಳಗಳನ್ನು ನೋಡಿ, "ಇವಕ್ಕೂ ಎಂತ ಗಡಿಬಿಡಿ ಮಾರಾಯಾ ಈ ಊರಲ್ಲಿ," ಎಂದು ನಕ್ಕಳು. ಫಾಲೂದಾ ತಿನ್ನಿಸಿದೆ. ಸಮುದ್ರದ ಎದುರಿನ ಉದ್ದ ಕಟ್ಟೆಯ ಮೇಲೆ ಕೂರಿಸಿದೆ. ಅವಳು ಚಪ್ಪಲಿ ಬಿಚ್ಚಿ ಕಾಲು ಇಳಿಬಿಟ್ಟು ಕೂತಳು. ಸ್ವಲ್ಪ ಹೊತ್ತಿನ ಮೇಲೆ, "ಈಗ ತೆಗ್ದಿರ್ತಾರನ?" ಎಂದಳು.

"ಶುಕ್ರವಾರ ಅಲ್ವಾ ಇವತ್ತು, ಜುಮ್ಮಾ ನಮಾಜು ಇರ್ತದೆ, ಮಧ್ಯಾಹ್ನದ ಮೇಲೆ ಹೋದ್ರೆ ಆರಾಮ. ಅಲ್ಲೀತನಕ ದರ್ಗಾ ನೋಡಿ ಬರುವ."

ಸಮುದ್ರದೊಳಗೆ ಉದ್ದಕ್ಕೆ ಹೋಗುವ ಕಲ್ಲಿನ ದಾರಿ, ಅದರ ತುದಿಯಲ್ಲಿ ಬಿಳಿಯ ದರ್ಗಾ. ದಾರಿಯ ಬಾಯಲ್ಲಿ ಹೂವು ಮಾರುವ ಹೆಂಗಸು ನನ್ನನ್ನು ಕರೆದು, ಇವತ್ತು ನೀರು ಹೆಚ್ಚು ಬರುತ್ತದೆ, ಹೋಗಿ ಬೇಗ ಬಂದುಬಿಡಿ, ತಡವಾದರೆ ನೀರು ಇಳಿಯುವ ತನಕ ಅಲ್ಲೇ ಕೂರಬೇಕು ಎಂದು ಹಿಂದಿಯಲ್ಲಿ ಹೇಳಿದಳು. ಆಪಾ ಮುಂದೆ ಹೋಗಿದ್ದಳು, ಅವಳಿಗೆ ಕೇಳಿಸಲಿಲ್ಲ. ನಾನು ಕೇಳಿಸಿಕೊಂಡೆ. ಒಳಗೆ ಹೋದ ಮೇಲೆ ಆಪಾಗೆ, "ಗಡಿಬಿಡಿ ಬೇಡ, ಆರಾಮಾಗಿ ಕೂತು ಓದು," ಎಂದೆ. ಅವಳು ಕಣ್ಣು ಮುಚ್ಚಿ ಓದುತ್ತ ಕೂತಳು. ನಾನು ಬಾಗಿಲಲ್ಲಿ ನಿಂತು ದಾರಿಯ ಮೇಲೆ ನೀರು ಹತ್ತುವುದನ್ನು ನೋಡುತ್ತಿದ್ದೆ. ಮೊದಲು ಕಲ್ಲಿನ ಅಂಚು ಒದ್ದೆಯಾಯಿತು. ಆಮೇಲೆ ಅಲ್ಲಲ್ಲಿ ತೆರೆ ದಾಟಿ ಬಿತ್ತು. ಕಡೆಗೆ ದಾರಿಯೇ ಕಾಣದಾಯಿತು. ಆಗ ನನಗೆ ಆದ ನಿರಾಳ ನೆನೆಸಿಕೊಂಡರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ನೀರು ಇಳಿಯುವಾಗ ಏರ್‌ಪೋರ್ಟಿಗೆ ಹೊರಡುವ ಹೊತ್ತು ಮೀರುತ್ತಿತ್ತು. ಟ್ಯಾಕ್ಸಿಯಲ್ಲಿ ಆಪಾ ಅಳಲಿಲ್ಲ. "ಅಲ್ಲಾನ ಮರ್ಜಿ. ನೀ ಎಂತ ಮಾಡಕ್ಕಾಗ್ತದೆ, ನೀರು ಬಂತು," ಎಂದಳು. ನನ್ನ ಕೈ ಮೇಲೆ ಕೈ ಇಟ್ಟು ನನ್ನನ್ನೇ ಸಮಾಧಾನ ಮಾಡಿದಳು. ಮಕ್ಕಾದಲ್ಲಿ ನಾನು ಏನೇನು ಬೇಡಿಕೊಂಡೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬೇಡಿಕೊಳ್ಳುವಾಗೆಲ್ಲ ಆ ಕೈಯ ಭಾರ ನನ್ನ ಕೈ ಮೇಲೆ ಇತ್ತು.

ತಿರುಗಿ ಬಂದ ಮೇಲೆ ಆಪಾ ಊರೆಲ್ಲ ನನ್ನನ್ನು ಹೊಗಳಿದಳು. ಅರ್ಧ ದಿನದಲ್ಲಿ ಇಡೀ ಬೊಂಬಾಯಿ ತೋರಿಸಿದ ತಮ್ಮ ಎಂದು. ಜನ ಕೇಳಲು ಬರತೊಡಗಿದ್ದು ಆಮೇಲೆ. ನಾನೂ ಹೇಳುತ್ತ ಹೋದೆ. ಪ್ರತಿ ಸಲ ದರ್ಗಾದ ನೀರಿನ ಮಾತು ಬಂದಾಗ ಆಪಾ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಿರುತ್ತಿತ್ತು.

ಈಚೆಗೆ ಇಸಳೂರಿನಿಂದ ಒಂದು ಗಂಡಹೆಂಡಿರ ಜೋಡಿ ಬೈಕಿನಲ್ಲಿ ಬಂತು. ಅಲ್ಲಿ ಹೊಸದಾಗಿ ಮನೆ ಕಟ್ಟಿಸಿಕೊಂಡವರು, ನಮಗೆ ದೂರದ ಸಂಬಂಧ. ಉಮ್ರಾಕ್ಕೆ ಹೊರಟಿದ್ದರು. ಮಾಫಿ ಕೇಳಿ ಆಯಿತು, ನಾವೂ ಮಾಫ್ ಎಂದೆವು. ಆಗ ಆ ಹುಡುಗಿ ಗಂಡನ ಕಡೆ ಬೆರಳು ಮಾಡಿ, "ಚಾಚಾ, ಇವ್ರು ಶಿರಸಿ ಪೂರಾ ಮಾಫಿ ಕೇಳಿದ್ರು. ನನ್ನ ಹತ್ರ ಒಂದೂ ಕೇಳಿಲ್ಲ!" ಎಂದಳು.

"ನೀ ಜೊತೆಗೇ ಬರ್ತ್ಯಲ್ಲೇ. ಅಲ್ಲಿ ಹೋಗಿ ಕೇಳ್ತೆ," ಎಂದ ಅವನು.

"ಅಲ್ಲಿ ಕೇಳಕ್ಕೆ ನಿಮ್ಗೆ ಟೈಮ್ ಎಲ್ಲಿ? ಈಗ್ಲೇ ಕೇಳಿ, ಚಾಚಾನ ಎದ್ರಿಗೆ."

ಎಲ್ಲರೂ ನಕ್ಕರು. ಅವನು ಎದ್ದು ನಿಂತು ನಾಟಕದವರ ಹಾಗೆ ಕೈಮುಗಿದು ಕೇಳಿಯೇಬಿಟ್ಟ. "ನೋಡ್ತೆ, ಯೋಚ್ನೆ ಮಾಡಿ ಹೇಳ್ತೆ," ಎಂದಳು ಅವಳು. ಆಮೇಲೆ ನನ್ನ ಕಡೆ ತಿರುಗಿ, ಅರ್ಧ ದಿನದಲ್ಲಿ ಏನೇನು ನೋಡಬೇಕೆಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಆಪಾ, "ನಮ್ಮ ಬಾಬು ಹೇಳಿದಾಂಗೆ ಹೋಗಿ, ಎಂತದೂ ತಪ್ಪೂದಿಲ್ಲ. ನಂಗೆ ಎಲ್ಲಾ ತೋರ್ಸಿದ. ಒಂದೇ ಒಂದು ಬಿಟ್ಟೋಯ್ತು, ಅದು ಅವನ ತಪ್ಪಲ್ಲ. ಪಾಪ, ನೀರು ಬಂದ್ರೆ ಅವ ಎಂತ ಮಾಡ್ತ," ಎಂದಳು.

ಆ 'ಪಾಪ' ಎಂಬ ಮಾತನ್ನು ನನಗೆ ನುಂಗಲು ಆಗಲಿಲ್ಲ. ಅವರಿಬ್ಬರನ್ನು ಕಳಿಸಿ ಬಂದು ಆಪಾಳ ಎದುರು ಮಣೆ ಹಾಕಿಕೊಂಡು ಕೂತೆ. ಅವಳು ಅಕ್ಕಿ ಆರಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಹೂವಿನವಳ ಮಾತು, ಅದಕ್ಕೆ ಮೊದಲಿನ ಟ್ರಿಪ್ಪುಗಳ ಕಥೆ, ಯಾವುದನ್ನೂ ಬಿಡಲಿಲ್ಲ. ಆಪಾಳ ಕೈ ಮೊರದಲ್ಲೇ ನಿಂತಿತು. ಆಮೇಲೆ ಮಾತಾಡಿದಳು, ಕನ್ನಡದಲ್ಲಿ.

"ನಾ ಕೊಟ್ಟ ಹೂವು ಎಂತ ಮಾಡ್ತಿದ್ದೆ?"

"ಲಾರಿಗೆ ಹಾಕ್ತಿದ್ದೆ."

"ಲಾರಿಗೆ! ನನ್ನ ಗಂಡನ ಹೂವು ನಿನ್ನ ಲಾರಿಗೆ!" ಮೊರ ಕೆಳಗೆ ಇಟ್ಟಳು. "ಆ ನೀರಿನ ಹೌದಿ?"

"ಅದೂ ಇಲ್ಲ ಆಪಾ."

"ಬೇವಿನ ಮರ?"

ನಾನು ತಲೆ ತಗ್ಗಿಸಿದೆ.

"ಮರಾನೂ ಇಲ್ಲನಾ?" ಅವಳ ದನಿ ಒಡೆಯಿತು. "ನಾನು ಇಷ್ಟು ವರ್ಷ ಆ ಮರದ ಕೆಳಗೆ ಅವರನ್ನ ಮಲಗ್ಸಿದ್ದೆ ಕಣಾ. ಬೇಸಿಗೆ ಬಂದಾಗೆಲ್ಲ, ನೆರಳಿದ್ಯಲ್ಲ ಅಂದ್ಕಂಡು ಸಮಾಧಾನ ಮಾಡ್ಕಳ್ತಿದ್ದೆ."

ಯಾಕೆ ಹೋಗಲಿಲ್ಲ ಎಂದು ಕೇಳಿದಳು. ಕುರ್ಚಿಯ ಮಾತು ಹೇಳಿದೆ. "ಅದು ನಂಗೆ ಗೊತ್ತು. ಅವತ್ತು ನಾ ಒಳಗೆ ಪಾತ್ರೆ ತೊಳೀತಿದ್ದೆ," ಎಂದು ಎದ್ದು ಹೋದಳು.

ಆಮೇಲೆ ಕೆಲವು ದಿನ ನನ್ನೊಡನೆ ನೇರ ಮಾತಿಲ್ಲ. ನಾನು ಎದುರಿಗೇ ಕೂತಿದ್ದರೂ ಸೊಸೆಗೆ, "ಚಾ ಆಯ್ತು ಅಂತ ಡ್ರೈವರ್ ಸಾಹೇಬ್ರಿಗೆ ಹೇಳು," ಎನ್ನುತ್ತಿದ್ದಳು. ಸೊಸೆ ಮುಖ ಆಚೆ ತಿರುಗಿಸಿ ನಗು ತಡೆದುಕೊಳ್ಳುತ್ತಿದ್ದಳು. ನನಗೆ ವಿಚಿತ್ರವಾಗಿ ಹಸಿವು ಹೆಚ್ಚಿತ್ತು, ನಿದ್ದೆಯೂ ಚೆನ್ನಾಗಿ ಬರುತ್ತಿತ್ತು. ಬೈಸಿಕೊಳ್ಳುವುದು ಇಷ್ಟು ಹಗುರ ಎಂದು ಗೊತ್ತಿದ್ದರೆ ಮೊದಲೇ ಬೈಸಿಕೊಳ್ಳುತ್ತಿದ್ದೆನೋ ಏನೋ. ಒಂದು ಬೆಳಿಗ್ಗೆ ಆಪಾ ನನ್ನ ಕಡೆಗೇ ನೋಡಿ ಹೇಳಿದಳು: "ಬಸ್ಸಿಗೆ ಟಿಕೆಟ್ ತೆಗ್ಸು. ಇಬ್ರಿಗೂ."

ಈ ಸಲ ಬಸ್ಸಿಳಿದವರು ಎಲ್ಲಿಯೂ ನಿಲ್ಲಲಿಲ್ಲ. ದಾರಿ ಕೇಳಿದ್ದು ಒಂದೇ ಸಲ, ಟ್ಯಾಕ್ಸಿಯವನನ್ನು. ಅವನು ನೇರ ಗೇಟಿಗೆ ತಂದು ನಿಲ್ಲಿಸಿದ. ರೈಲು ಹಳಿಯ ಪಕ್ಕದಲ್ಲಿ ದೊಡ್ಡ ಗೋಡೆ, ಒಳಗೆ ತುಂಬ ಮರಗಳು. ಆಪಾ ಗೇಟಿನ ಹೊರಗೆ ಸೆರಗು ಸರಿಮಾಡಿಕೊಂಡು ನಿಂತಳು. ನಾನು ಒಳಗೆ ಹೋಗಿ ಖಬರಸ್ತಾನ ನೋಡಿಕೊಳ್ಳುವವನನ್ನು ಹುಡುಕಿ ಕರೆತಂದೆ. ಯಾವ ಕಾಲದಲ್ಲಿ ದಫನ್ ಆದದ್ದು ಎಂದು ಕೇಳಿ ಅವನು ತಲೆಯಾಡಿಸಿದ. ಈ ಊರಲ್ಲಿ ಸತ್ತವರಿಗೂ ಜಾಗ ಸಾಲುವುದಿಲ್ಲ, ಕೆಲವು ಕಾಲವಾದ ಮೇಲೆ ಅದೇ ಮಣ್ಣಿನಲ್ಲಿ ಇನ್ನೊಬ್ಬರನ್ನು ಇಡುತ್ತೇವೆ, ನಿಮ್ಮವರು ಎಲ್ಲಿದ್ದಾರೆಂದು ಈಗ ಯಾರೂ ಹೇಳಲಾರರು ಎಂದ. ಮೆತ್ತಗೆ ಹೇಳಿದ, ದಿನಾ ಹೇಳಿ ರೂಢಿಯಾದವನ ಹಾಗೆ.

ಆಪಾ ಗೋಡೆಯ ಒಳಗಿನ ಮರಗಳನ್ನು ನೋಡಿದಳು. ಆಮೇಲೆ ನನ್ನನ್ನು ಕೇಳಿದಳು, "ಅಂದ್ರೆ ಅವತ್ತು ಉಮ್ರಾಕ್ಕೆ ಹೋಗುವಾಗ ಬಂದಿದ್ರೂ ಸಿಗ್ತಿರ್ಲಿಲ್ಲ?"

"ಸಿಗ್ತಿರ್ಲಿಲ್ಲ."

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅವಳ ಮುಖ ಸಡಿಲವಾಗುತ್ತಿತ್ತು, ತಪ್ಪಿಸಿಕೊಳ್ಳುವ ಬಾಗಿಲು ಮತ್ತೆ ತೆರೆದಿತ್ತು. "ಆದ್ರೆ ಮೊದಮೊದಲು, ನೀನು ಹೂವು ಕೊಟ್ಟು ಕಳಿಸ್ತಿದ್ಯಲ್ಲ, ಆಗ ಬಂದಿದ್ರೆ ಸಿಗ್ತಿತ್ತು ಆಪಾ. ಗುರುತು ಹೇಳೋ ಬೇಕರಿಯವರು ಆಗ ಇದ್ರು. ನಾನು ಬರ್ಲಿಲ್ಲ. ಮಾಫ್ ಮಾಡು."

ಗೋಡೆಯಾಚೆ ಒಂದು ಲೋಕಲ್ ರೈಲು ಹೋಯಿತು. ಅದರ ಸದ್ದು ಮುಗಿಯುವ ತನಕ ಆಪಾ ಕಾದಳು. "ಮಾಫ್," ಎಂದಳು. "ಈ ಮಾತು ಹೇಳ್ದೇ ಇದ್ದಿದ್ರೆ ಮಾಡ್ತಿರ್ಲಿಲ್ಲ." ಆಮೇಲೆ ಇಡೀ ಖಬರಸ್ತಾನದ ಕಡೆಗೆ ಕೈಯೆತ್ತಿ ಫಾತಿಹಾ ಓದಿದಳು. ಓದಿ ಮುಗಿಸಿ ಮುಖದ ಮೇಲೆ ಕೈ ಸವರಿಕೊಂಡು, "ನೆರಳಂತೂ ಎಲ್ಲಾ ಕಡೆ ಇದೆ," ಎಂದಳು. "ನೀ ಒಳಗೆ ಹೋಗಿ ಓದಿ ಬಾ."

ಒಳಗೆ ಹೋಗಿ ಬಂದೆ. ತಿರುಗಿ ಬರುವಾಗ ಅವಳು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು. ಊರ ಬಸ್ಸಿಗೆ ಇನ್ನೂ ಹೊತ್ತಿತ್ತು. "ಹೂಂ, ಈಗ ತೋರ್ಸು ನಿನ್ನ ಬೊಂಬಾಯಿ," ಎಂದಳು. ರೈಲು ಹಳಿಯ ಮೇಲಿನ ಸೇತುವೆ ಹತ್ತಿ ಇಳಿದೆವು. ಎದುರಿಗೇ ಸಮುದ್ರ, ಅದೇ ಉದ್ದ ಕಟ್ಟೆ. ನಾನು ಅಲ್ಲೇ ನಿಂತುಬಿಟ್ಟೆ. ಆಪಾ ಹಿಂದೆ ತಿರುಗಿ ಸೇತುವೆ ನೋಡಿದಳು, ಕಟ್ಟೆ ನೋಡಿದಳು, ಬಿದ್ದು ಬಿದ್ದು ನಕ್ಕಳು. "ಅವತ್ತು ಇಲ್ಲೇ ತಂದು ಅವರಿಗೆ ಬೆನ್ನು ಹಾಕಿ ಕೂರ್ಸಿದ್ಯಲ್ಲೋ! ನೀ ತಪ್ಪಿಸ್ಕಂಡು ಓಡಿ ಬಂದಿದ್ದೂ ಅವರ ಬಾಗ್ಲಿಗೇ." ನಾನೂ ನಕ್ಕೆ. ಇಬ್ಬರು ಮುದುಕರು ನಗುವುದನ್ನು ಜನ ತಿರುಗಿ ನೋಡುತ್ತ ಹೋದರು. ಅಂದು ಬೊಂಬಾಯಿ ಚೆಂದ ಕಂಡಿತು. ಗಾಳಿ ಇತ್ತು, ಹುರಿದ ಶೇಂಗಾ ಇತ್ತು, ತಪ್ಪಿಸಬೇಕಾದ ಜಾಗ ಯಾವುದೂ ಇರಲಿಲ್ಲ. ಸುಮ್ಮನೆ ಕೂತೆವು.

ಒಂದು ಮಾತು ಉಳಿದಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಕೆಲವು ಮಾತುಗಳನ್ನು ಜೋಡಿಸಿಕೊಂಡು ಹೋಗಿದ್ದೆ, ಗೋರಿಯ ಎದುರು ನಿಂತು ಹೇಳಲಿಕ್ಕೆ. ಫಾತಿಹಾ ಓದಿದೆ, ಅದು ಎಲ್ಲರಿಗೂ ಸಲ್ಲುತ್ತದೆ. ಆದರೆ ಮಾಫಿಯನ್ನು ಒಬ್ಬರ ಮುಖ ನೋಡಿ ಕೇಳಬೇಕು. ಅಷ್ಟು ಮಣ್ಣಿನ ನಡುವೆ ಯಾವ ಕಡೆ ತಿರುಗಲಿ ಎಂದು ತಿಳಿಯದೆ ನಿಂತೆ, ಹಾಗೇ ಹೊರಗೆ ಬಂದೆ. ಗೌಡರನ್ನು ಕೇಳಿದ್ದೇನೆ, ಹೆಗಡೆಯವರನ್ನು ಕೇಳಿದ್ದೇನೆ, ಆಪಾಳನ್ನು ಕೇಳಿ ಮಾಫ್ ಎನ್ನಿಸಿಕೊಂಡಿದ್ದೇನೆ. ಈ ಜನ್ಮದಲ್ಲಿ ನಾನು ಮಾಫಿ ಕೇಳದೆ ಉಳಿದವರು ಒಬ್ಬರೇ: ಯಲ್ಲಾಪುರದ ಬೇಕರಿ ಕೆಲಸದವರು, ಆಪಾಳ ಗಂಡ, ನನ್ನ ಭಾವ.